ಮಕ್ಕಳ ಕೈ ಹಿಡಿದು ಹೊರಟ ರವಿವಾರ



ಪುಣೆಯಿಂದ ಸೋಲಾಪುರದ ಕಡೆ ಹೊರಟರೆ ಹಡಪಸರ ಸಿಗುತ್ತದೆ. ಅಲ್ಲಿಯ ಗಾಡಿತಳದಲ್ಲಿ ರವಿವಾರ ಬೆಳಿಗ್ಗೆ ಎಂಟರ ಸುಮಾರಿಗೆ ಬಂದು ನಿಂತರೆ ನೋಡುವಂಥ ಸಂಭ್ರಮ. ಒಂದೇ ಬೈಕಿನ ಮೇಲೆ ಇಡೀ ಸಂಸಾರ. ಟ್ಯಾಂಕಿನ ಮೇಲೆ ಒಂದು ಕೂಸು, ಅಪ್ಪ-ಅವ್ವನ ನಡುವೆ ಇನ್ನೊಂದು, ಅವ್ವನ ತೊಡೆಯ ಮೇಲೆ ಬುತ್ತಿಯ ಚೀಲ. ಬಸ್ಸಿಗೆ ಕಾದು ನಿಂತವರಲ್ಲಿ ಮೊಮ್ಮಗಳ ಜಡೆ ಅಲ್ಲೇ ಹೆಣೆಯುತ್ತಿರುವ ಅಜ್ಜಿ. ಕೆಲವರು ಥೇವೂರಿನ ಗಣಪತಿಗೆ, ಕೆಲವರು ಜೇಜುರಿಗೆ, ಕೆಲವರು ಕಾತ್ರಜದ ಪ್ರಾಣಿಗಳನ್ನು ನೋಡಲಿಕ್ಕೆ. ಮರಾಠಿಯ ನಡುನಡುವೆ ಕಲಬುರಗಿಯ ಕನ್ನಡ, ವಿಜಯಪುರದ ಕನ್ನಡ, ಸೋಲಾಪುರದ ಕನ್ನಡ ಕಿವಿಗೆ ಬೀಳುತ್ತದೆ.

ಮಕ್ಕಳನ್ನು ಕಟ್ಟಿಕೊಂಡು ಒಂದು ದಿನ ಹೊರಗೆ ಹೋಗಿ ಬರುವುದು. ಇದರಲ್ಲಿ ಇತಿಹಾಸ ಏನು ಬಂತು ಅಂತ ನಿಮಗೆ ಅನ್ನಿಸಬಹುದು. ಬಂತು ನೋಡಿ, ಬೇಕಾದಷ್ಟು ಬಂತು. ಅದರ ಬೆನ್ನು ಹತ್ತಿ ನಾನು ವರ್ಷಗಟ್ಟಲೆ ತಿರುಗಿದ್ದೇನೆ. ಈ ಒಂದು ದಿನ ನಮಗೆ ಸುಮ್ಮನೆ ಬಂದದ್ದಲ್ಲ, ಯಾರೋ ಹೋರಾಡಿ ಗಳಿಸಿಕೊಟ್ಟದ್ದು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಆಗ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದರು. ಆದರೆ ಮಕ್ಕಳಿಗಾಗಿ ಅಂತ ಹೊರಡುತ್ತಿರಲಿಲ್ಲ. ಜಾತ್ರೆ ದೇವರದು, ಸಂತೆ ಮನೆಯ ಖರ್ಚಿನದು, ಮದುವೆ ಬೀಗರದು. ಮಗು ದೊಡ್ಡವರ ಕೆಲಸದ ಜೊತೆ ಹೋಗುತ್ತಿತ್ತು, ಸಿಕ್ಕಷ್ಟು ಸಂತೋಷ ಕಟ್ಟಿಕೊಂಡು ಬರುತ್ತಿತ್ತು.

ಅದರಲ್ಲೂ ನಮ್ಮ ಕಡೆಯ ಎಳ್ಳ ಅಮಾವಾಸ್ಯೆ! ಬೀದರ, ಕಲಬುರಗಿ, ವಿಜಯಪುರ, ಸೋಲಾಪುರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಡಲು ಬೆಳಗುವ ಮೊದಲೇ ಅಡುಗೆ ಮನೆಯಲ್ಲಿ ಸಜ್ಜೆ ರೊಟ್ಟಿಯ ಸಪ್ಪಳ. ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ, ಕಾಳು-ಕಾಯಿಪಲ್ಲೆ ಎಲ್ಲ ಹಾಕಿ ಕುದಿಸಿದ ಭಜ್ಜಿ. ಎತ್ತಿನ ಗಾಡಿ ಸಿಂಗರಿಸಿ, ಓಣಿಯ ಮಂದಿಯನ್ನೂ ಹತ್ತಿಸಿಕೊಂಡು ಹೊಲಕ್ಕೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ. ಆಮೇಲೆ ಚರಗ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಹೊಲದ ಸುತ್ತ ಕೂಗುತ್ತ ಚೆಲ್ಲುತ್ತ ಹೋಗುವುದು. ಒಬ್ಬರು ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸಬೇಕು. ಆ ನೀರಿನ ತಂಬಿಗೆ ಹಿಡಿಯುವುದಕ್ಕೆ ಮಕ್ಕಳ ನಡುವೆ ಎಷ್ಟು ಜಗಳ! ಹಬ್ಬ ಭೂಮಿತಾಯಿಯದು. ಆದರೂ ಮಕ್ಕಳ ಕೈಗೆ ಒಂದು ಕೆಲಸ ಇತ್ತು ಅನ್ನುವುದನ್ನು ನೆನಪಿಡಿ.

ಹಡಪಸರಕ್ಕೂ ಇಂಥದೇ ಒಂದು ದಿನ ಇದೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಪುಣೆಗೆ ಬಂದು, ಜೊತೆಯಾಗಿ ಹೊರಟು ಅಗಲುವುದು ಇದೇ ಹಡಪಸರದಲ್ಲಿ. ಒಂದು ದಿವೆ ಘಾಟ ಹತ್ತಿ ಸಾಸವಡಕ್ಕೆ, ಇನ್ನೊಂದು ಲೋಣಿ ಕಾಳಭೋರದ ದಾರಿ ಹಿಡಿದು ಮುಂದಕ್ಕೆ. ಎರಡೂ ಸೇರುವ ಊರು ಒಂದೇ, ಪಂಢರಪುರ. ಆ ದಿನ ರಸ್ತೆಯ ಎರಡೂ ಬದಿಗೆ ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ತಾಳ ಹಿಡಿದ ವಾರಕರಿಗಳಿಗೆ ಬಾಳೆಹಣ್ಣು ಕೊಡಲು ಚಾಚಿದ ಪುಟ್ಟ ಕೈಗಳು. ದುಡ್ಡಿಲ್ಲ, ಟಿಕೆಟಿಲ್ಲ, ಆದರೆ ಊರಿಗೆ ಊರೇ ಹೊರಗಿರುತ್ತದೆ.

ಇವೆಲ್ಲ ವರ್ಷಕ್ಕೊಮ್ಮೆ ಬರುವ ದಿನಗಳು. ವಾರಕ್ಕೊಮ್ಮೆ, ಅಪ್ಪನಿಗೆ ಕೆಲಸವಿಲ್ಲದ ಒಂದು ದಿನ ಹೇಗೆ ಬಂತು? ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಈ ಮನುಷ್ಯನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು: ನಾರಾಯಣ ಮೇಘಾಜಿ ಲೋಖಂಡೆ.

1848ರಲ್ಲಿ ಹುಟ್ಟಿದವರು. ಜೋತಿರಾವ ಫುಲೆಯವರ ಒಡನಾಡಿ. ಪುಣೆಯಲ್ಲಿ ಶುರುವಾಗಿದ್ದ 'ದೀನಬಂಧು' ಪತ್ರಿಕೆಯನ್ನು 1880ರಲ್ಲಿ ಕೈಗೆತ್ತಿಕೊಂಡು ಮುಂಬಯಿಯಿಂದ ನಡೆಸಿದರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಆಗ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ದುಡಿತ. ವಾರಕ್ಕೊಂದು ಖಾಯಂ ರಜೆ ಅನ್ನುವುದೇ ಇರಲಿಲ್ಲ. ಮನೆಯಲ್ಲಿ ಮಕ್ಕಳು ಏಳುವ ಮೊದಲು ಅಪ್ಪ ಗಿರಣಿಗೆ ಹೋಗಿರುತ್ತಿದ್ದ, ಅವು ಮಲಗಿದ ಮೇಲೆ ಬರುತ್ತಿದ್ದ. ಎಷ್ಟೋ ತಾಯಂದಿರದೂ ಅದೇ ಪಾಡು.

1884ರಲ್ಲಿ ಲೋಖಂಡೆ ಗಿರಣಿ ಕೆಲಸಗಾರರನ್ನು ಸೇರಿಸಿ ಸಭೆ ಮಾಡಿದರು. ಐದೂವರೆ ಸಾವಿರ ಮಂದಿ ಸಹಿ ಹಾಕಿದ ಮನವಿ ಸಿದ್ಧವಾಯಿತು. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಿ, ಪಗಾರ ಹೊತ್ತಿಗೆ ಸರಿಯಾಗಿ ಕೊಡಿ, ಪೆಟ್ಟಾದರೆ ಪರಿಹಾರ ಕೊಡಿ, ವಾರಕ್ಕೊಂದು ರವಿವಾರ ಕೊಡಿ. ಇಷ್ಟೇ ಕೇಳಿದ್ದು. ಮಾಲೀಕರು ಒಪ್ಪಲಿಲ್ಲ. ಲೋಖಂಡೆ ಬಿಡಲಿಲ್ಲ. ಅವರು ಹೂಡಿದ ವಾದಗಳಲ್ಲಿ ಒಂದು ನನಗೆ ಎಲ್ಲಕ್ಕಿಂತ ಪ್ರೀತಿಯದು. ರವಿವಾರ ಖಂಡೋಬಾನ ವಾರ, ನಮ್ಮ ಜನ ಅವನ ಒಕ್ಕಲು, ಆದ್ದರಿಂದ ಆ ದಿನ ನಮಗೂ ರಜೆ ಬೇಕು ಅಂದರು.

ಎಂಥ ಮಾತು ನೋಡಿ! ಇಂಗ್ಲಿಷರಿಗೆ ಅದು ಚರ್ಚಿನ ದಿನ, ಇವರು ಅದನ್ನು ಜೇಜುರಿಯ ದೇವರ ದಿನ ಮಾಡಿದರು. ಜೇಜುರಿಯ ಖಂಡೋಬಾ ಅಂದರೆ ಯಾರು? ನಮ್ಮ ಮೈಲಾರಲಿಂಗನೇ. ಬೀದರದ ಮೈಲಾರದಲ್ಲಿ, ಹೂವಿನ ಹಡಗಲಿಯ ಮೈಲಾರದಲ್ಲಿ, ದೇವರಗುಡ್ಡದಲ್ಲಿ ಭಂಡಾರ ಹಚ್ಚಿಕೊಂಡು ಕುಣಿಯುವ ಗೊರವಯ್ಯಗಳ ಅದೇ ದೇವರು. ಕನ್ನಡಿಗರೂ ಮರಾಠಿಗರೂ ಹಂಚಿಕೊಂಡ ದೇವರೊಬ್ಬನ ಹೆಸರಿನಲ್ಲಿ ಕೂಲಿಯವರು ರಜೆ ಕೇಳಿದರು.

1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕೆಲಸಗಾರರ ಸಭೆ ಸೇರಿತು. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು ಎದ್ದು ನಿಂತು ಮಾತಾಡಿದರು. ಗಿರಣಿಯಲ್ಲಿ ದುಡಿಯುವ ಹೆಂಗಸರು, ಹತ್ತು ಸಾವಿರ ಮಂದಿಯ ಮುಂದೆ, ಆ ಕಾಲದಲ್ಲಿ! 1890ರ ಜೂನ್ 10ರಂದು ಗಿರಣಿ ಮಾಲೀಕರ ಸಂಘ ರವಿವಾರದ ರಜೆಗೆ ಒಪ್ಪಿತು. ಮರುವರ್ಷದ ಫ್ಯಾಕ್ಟರಿ ಕಾಯಿದೆಯಲ್ಲೂ ವಾರದ ರಜೆ ಸೇರಿತು. ಲೋಖಂಡೆಯವರು 1897ರಲ್ಲಿ, ಮುಂಬಯಿಗೆ ಪ್ಲೇಗ್ ಬಂದಾಗ, ಅದೇ ರೋಗಕ್ಕೆ ಬಲಿಯಾದರು. 2005ರಲ್ಲಿ ಅವರ ಹೆಸರಿನ ಅಂಚೆ ಚೀಟಿ ಬಂತು. ನನ್ನನ್ನು ಕೇಳಿದರೆ ಪ್ರತಿಯೊಂದು ಮಕ್ಕಳ ಉದ್ಯಾನದ ಬಾಗಿಲಲ್ಲಿ ಅವರ ಚಿತ್ರ ಇರಬೇಕು.

ದಿನ ಸಿಕ್ಕಿತು. ಹೋಗುವುದು ಎಲ್ಲಿಗೆ?

ಪುಣೆಯಲ್ಲಿ ಜಾಗಗಳಿದ್ದವು, ಆದರೆ ದೊಡ್ಡವರವು. ಪರ್ವತಿ ಗುಡ್ಡದ ಕೆಳಗೆ ನಾನಾಸಾಹೇಬ ಪೇಶ್ವೆ ಕಟ್ಟಿಸಿದ ಕೆರೆ, ಅದರ ನಡುಗಡ್ಡೆಯಲ್ಲಿ 1784ರಲ್ಲಿ ಸವಾಯಿ ಮಾಧವರಾವ ನಿಲ್ಲಿಸಿದ ಗಣಪತಿ. ಆ ವರ್ಷ ಈ ಪೇಶ್ವೆಗೆ ಹತ್ತು ವಯಸ್ಸು! ಹುಟ್ಟಿ ನಲವತ್ತು ದಿನಕ್ಕೆ ಪೇಶ್ವೆ ಪಟ್ಟ, ಇಪ್ಪತ್ತೊಂದಕ್ಕೆ ಸಾವು. ರಾಜ್ಯವೇ ಕೈಯಲ್ಲಿದ್ದರೂ ಬಾಲ್ಯ ಸಿಗದ ಕೂಸು. ಇನ್ನು ಇಂಗ್ಲಿಷರ ಕಾಲದಲ್ಲಿ ರೇಸ್‌ಕೋರ್ಸಿನ ಹತ್ತಿರ ಸಿಪಾಯಿಗಳಿಗಾಗಿ ಬೆಳೆಸಿದ ತೋಟ ಎಂಪ್ರೆಸ್ ಗಾರ್ಡನ್ ಆಯಿತು. 1830ರಲ್ಲಿ ಹುಟ್ಟಿದ ಕೃಷಿ-ತೋಟಗಾರಿಕೆ ಸಂಘ ಅದನ್ನು ಈಗಲೂ ನೋಡಿಕೊಳ್ಳುತ್ತಿದೆ. ಹಡಪಸರದವರಿಗೆ ಇದೇ ಹತ್ತಿರದ ನೆರಳು. ಪ್ರತಿ ಜನವರಿಯಲ್ಲಿ ಅಲ್ಲಿ ಹೂವಿನ ಪ್ರದರ್ಶನ, ಹಳೆಯ ಮರಗಳ ಕೆಳಗೆ ಚಾಪೆ ಹಾಸಿ ಕೂತ ಸಂಸಾರಗಳು. ಮೈಸೂರಿನಲ್ಲಿ 1892ರಲ್ಲಿ ಚಾಮರಾಜೇಂದ್ರ ಒಡೆಯರು ಕಟ್ಟಿದ ಪ್ರಾಣಿಸಂಗ್ರಹಾಲಯವೂ ಮೊದಲಿಗೆ ಅರಮನೆಯದೇ, ಆಮೇಲೆ ಜನರದಾಯಿತು.

ಮಗುವಿಗಾಗಿಯೇ ಅಂತ ಊರು ಒಂದು ಜಾಗ ಕಟ್ಟಿದ್ದು ಸ್ವಾತಂತ್ರ್ಯ ಬಂದ ಮೇಲೆ. 1953ರಲ್ಲಿ ಪುಣೆ ಮಹಾನಗರ ಪಾಲಿಕೆ ಪೇಶ್ವೆ ಪಾರ್ಕ್ ತೆರೆಯಿತು, ಪ್ರಾಣಿಗಳ ಸಮೇತ. 1956ರ ಏಪ್ರಿಲ್ 8ರಂದು ಅಲ್ಲಿ ಒಂದು ಪುಟ್ಟ ರೈಲು ಓಡತೊಡಗಿತು. ಹೆಸರು ಫುಲರಾಣಿ. ಬೆಂಗಳೂರಿನ ಮಕ್ಕಳಿಗೆ ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ ಹೇಗೋ ಪುಣೆಯ ಮಕ್ಕಳಿಗೆ ಫುಲರಾಣಿ ಹಾಗೆ. ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಮುದುಡಿ ಕೂರಬೇಕು, ಮಕ್ಕಳು ಆರಾಮಾಗಿ ಕೂರುತ್ತಾರೆ. ಅದನ್ನು ಕಂಡರೆ ನನಗೆ ಎಲ್ಲಿಲ್ಲದ ಸಂತೋಷ. ಬಸ್ಸು, ಬಾಗಿಲು, ನಲ್ಲಿ, ಮೆಟ್ಟಿಲು ಎಲ್ಲವೂ ದೊಡ್ಡವರ ಅಳತೆಗೆ ಇರುವ ಊರಿನಲ್ಲಿ ಒಂದು ವಸ್ತುವಾದರೂ ಮೂರು ವರ್ಷದ ಮಗುವಿನ ಅಳತೆಗೆ ತಯಾರಾಯಿತಲ್ಲ! ಅದನ್ನು ಮಾಡಿಸಿದ್ದು ಯಾವ ಸಾಹುಕಾರನೂ ಅಲ್ಲ, ಊರಿನ ಪಾಲಿಕೆ, ಊರಿನವರ ತೆರಿಗೆಯ ದುಡ್ಡಿನಲ್ಲಿ.

ಎಷ್ಟು ತಲೆಮಾರು ಅಲ್ಲಿ ಬೆಳೆದವು! ಹುಲಿ ನೋಡಿ ಹೆದರಿ, ರೈಲು ಹತ್ತಿ ನಕ್ಕು, ಪಕ್ಕದ ಸಾರಸಬಾಗಿನಲ್ಲಿ ಸವಾಯಿ ಮಾಧವರಾವನ ಆ ಗಣಪತಿಗೆ ಕೈಮುಗಿದು, ಹೊರಗೆ ಬಂದು ಭೇಳ ತಿಂದು, ನಿದ್ದೆಗಣ್ಣಲ್ಲಿ ಮನೆಗೆ. ಪುಣೆಗೆ ದುಡಿಯಲು ಬಂದ ನಮ್ಮ ಕಡೆಯ ಮಂದಿಯೂ ಊರಿನಿಂದ ಬಂದ ಬೀಗರಿಗೆ ಮೊದಲು ತೋರಿಸುತ್ತಿದ್ದದ್ದು ಇದನ್ನೇ.

ಆ ಜಾಗ ಪ್ರಾಣಿಗಳಿಗೆ ಸಾಲುತ್ತಿರಲಿಲ್ಲ, ನಿಜ. 1999ರಲ್ಲಿ ಕಾತ್ರಜದಲ್ಲಿ 130 ಎಕರೆಯ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯ ತೆರೆಯಿತು. 2005ರ ಹೊತ್ತಿಗೆ ಹಳೆಯ ಪಂಜರಗಳು ಖಾಲಿಯಾದವು. ಫುಲರಾಣಿ ಮಾತ್ರ ಉಳಿಯಿತು. ಪ್ರಾಣಿಗಳಿಗೆ ಒಳ್ಳೆಯದಾಯಿತು ಅಂತ ನಾನು ಮನಸಾರೆ ಒಪ್ಪುತ್ತೇನೆ. ಆದರೂ ಊರಿನ ನಡುವೆ, ಒಂದೇ ಬಸ್ಸಿಗೆ ಸಿಗುತ್ತಿದ್ದ ಪ್ರಾಣಿ ನೋಡುವ ಜಾಗ ಹೋದದ್ದಕ್ಕೆ ಹೊಟ್ಟೆ ಉರಿಯುತ್ತದೆ.

ಕಾತ್ರಜಕ್ಕೆ ಹೋದರೆ ಹಾವಿನ ಮನೆ ತಪ್ಪಿಸಬೇಡಿ. ಅದು 1986ರಲ್ಲಿ ಶುರುವಾದದ್ದು, ನೀಲಿಮಕುಮಾರ ಖೈರೆಯವರ ಹಟದಿಂದ. ಹಾವು ತಾನಾಗಿ ಮೇಲೆ ಬೀಳುವುದಿಲ್ಲ ಅಂತ ತೋರಿಸಲು ಅವರು 1980ರ ಜನವರಿಯಲ್ಲಿ ಪುಣೆಯಲ್ಲಿ 72 ಹಾವುಗಳ ಜೊತೆ ಗಾಜಿನ ಕೋಣೆಯಲ್ಲಿ 72 ತಾಸು ಇದ್ದರು. ಹಾವು ಕಂಡರೆ ಕೋಲು ಹುಡುಕುವ ನಮ್ಮ ಮಕ್ಕಳು ಅಲ್ಲಿ ಗಾಜಿಗೆ ಮೂಗು ಒತ್ತಿ ನಿಂತು, 'ಪಾಪ, ಮಲಗಿದೆ' ಅನ್ನುವುದನ್ನು ಕೇಳಬೇಕು.

ಈಗ ಹಡಪಸರಕ್ಕೆ ಮರಳೋಣ. ಕಬ್ಬು ಬೆಳೆಯುವ ಊರಾಗಿತ್ತು ಇದು. ಸುಮಾರು 120 ರೈತ ಮನೆತನಗಳು ಸತೀಶ ಮಗರ ಅವರ ಮುಂದಾಳತ್ವದಲ್ಲಿ 400 ಎಕರೆ ಹೊಲ ಒಟ್ಟುಗೂಡಿಸಿ, ಬಿಲ್ಡರನಿಗೆ ಮಾರದೆ ತಾವೇ ಮಗರಪಟ್ಟಾ ಸಿಟಿ ಕಟ್ಟಿದರು. ಅದು ದೊಡ್ಡ ಸಾಹಸ, ಭೇಷ್ ಅನ್ನಲೇಬೇಕು. ನಡುವೆ ದೊಡ್ಡ ತೋಟವನ್ನೂ ಬಿಟ್ಟರು. ಆಮೇಲೆ ಮಾಲ್‌ಗಳು ಬಂದವು. ಬಿಸಿಲಿಲ್ಲ, ಧೂಳಿಲ್ಲ, ಶೌಚಾಲಯ ಚೊಕ್ಕಟ. ಎಳೆಗೂಸಿನ ತಾಯಂದಿರು ಅಲ್ಲಿಗೇ ಹೋಗುತ್ತಾರೆ, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಆಟದ ಕೋಣೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು. ಹೊತ್ತು ಮುಗಿದರೆ ಅಳುವ ಮಗುವನ್ನು ಎಳೆದುಕೊಂಡು ಹೊರಡಬೇಕು. ಮಗುವಿಗೆ ಬೇಕಾದದ್ದು ಹೊತ್ತು. ಅಲ್ಲಿ ಮಾರುವುದೂ ಅದನ್ನೇ.

ಇನ್ನೊಂದು ಕಡೆ ನೋಡಿ. ಚಳಿಗಾಲ ಬಂದರೆ ಸೋಲಾಪುರ ರಸ್ತೆಯುದ್ದಕ್ಕೂ ಹುರಡಾ ಪಾರ್ಟಿ, ನಮ್ಮ ಸೀತನಿ. ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಮಗುವಿನ ಬೊಗಸೆಗೆ ಸುರಿಯುತ್ತಾರೆ. ಬಾರಾಮತಿಯ ಕಡೆ ಪಾಂಡುರಂಗ ತಾವರೆಯವರು ಕೃಷಿ ಪ್ರವಾಸೋದ್ಯಮ ಶುರುಮಾಡಿದ ಮೇಲೆ ಎಷ್ಟೋ ರೈತರು ಪೇಟೆಯ ಸಂಸಾರಗಳಿಗೆ ಹೊಲ ತೋರಿಸಿ ನಾಲ್ಕು ಕಾಸು ಕಾಣುತ್ತಿದ್ದಾರೆ. ಹೊಲದ ಮೇಲೆ ಕಟ್ಟಿದ ಊರಿನ ಮಕ್ಕಳು ಹೊಲ ನೋಡಲು ಈಗ ದುಡ್ಡು ಕೊಟ್ಟು ಹೋಗುತ್ತಾರೆ. ನನಗೆ ಖುಷಿಯೂ ಹೌದು, ಸಂಕಟವೂ ಹೌದು.

ಪುಟ್ಟ ಮಕ್ಕಳೊಂದಿಗೆ ಹೊರಡುವವರಿಗೆ ಒಂದೇ ಮಾತು ಹೇಳುತ್ತೇನೆ. ಜಾಗ ಒಂದೇ ಇರಲಿ. ಮೂರು ಗುಡಿ, ಒಂದು ಕೋಟೆ, ಒಂದು ಡ್ಯಾಮು ಅಂತ ಓಡಿಸಬೇಡಿ. ಜೇಜುರಿಗೆ ಹೋದರೆ ಜೇಜುರಿ ಸಾಕು. ಮೆಟ್ಟಿಲನ್ನು ಮಗುವೇ ಹತ್ತಲಿ, ದೀಪಮಾಲೆಯ ಕಂಬ ತಟ್ಟಿ ನೋಡಲಿ, ಮೇಲೆ ಭಂಡಾರವನ್ನು ತನ್ನ ಕೈಯಿಂದಲೇ ತೂರಲಿ. ಮಗುವಿನ ಕೈಗೂ ಒಂದು ಕೆಲಸ ಇರಲಿ, ಎಳ್ಳ ಅಮಾವಾಸ್ಯೆಯ ತಂಬಿಗೆ ಕಲಿಸಿದ್ದು ಅದನ್ನೇ.

ಕೊನೆಯದಾಗಿ ಒಂದು ಮಾತು. ಹಡಪಸರದ ಆಕಾಶಕ್ಕೆ ಏರುತ್ತಿರುವ ಕಟ್ಟಡಗಳನ್ನು ಕಟ್ಟುತ್ತಿರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡದ ಮಂದಿ ಎಷ್ಟೋ. ಅವರದು ದಿನಗೂಲಿ. ರವಿವಾರ ಬಿಡುವು ತೆಗೆದುಕೊಂಡರೆ ಆ ದಿನದ ಕೂಲಿ ಇಲ್ಲ. ಅವರ ಮಕ್ಕಳು ಮರಳಿನ ಗುಡ್ಡೆಯ ಮೇಲೇ ಆಡುತ್ತಾರೆ. 1890ರ ಒಪ್ಪಂದ ಇವರ ತನಕ ಇನ್ನೂ ಬಂದಿಲ್ಲ. ಕೂಲಿ ಕಳೆಯದ ವಾರದ ರಜೆ ಕೊಡಿ ಅಂತ ಗುತ್ತಿಗೆದಾರರಿಗೆ ಹೇಳುವ ಕೆಲಸ ನಮ್ಮದು. ನೆರಳು, ಕುಡಿಯುವ ನೀರು, ಚೊಕ್ಕ ಶೌಚಾಲಯ ಇರುವ ಪುಕ್ಕಟೆ ಉದ್ಯಾನ ಪ್ರತಿ ವಾರ್ಡಿನಲ್ಲೂ ಬೇಕು ಅಂತ ಪಾಲಿಕೆಯನ್ನು ಕೇಳುವುದೂ ನಮ್ಮದೇ. ಹತ್ತು ಸಾವಿರ ಮಂದಿಯ ಮುಂದೆ ಆ ಇಬ್ಬರು ಹೆಣ್ಣುಮಕ್ಕಳು ಎದ್ದು ಮಾತಾಡಿದರು. ಮುಂದಿನ ವಾರ್ಡ್ ಸಭೆಯಲ್ಲಿ ನಾವೂ ಎದ್ದು ಮಾತಾಡೋಣ.