ಸಾಗರಕ್ಕೊಂದು ದಿನ: ಪ್ರವಾಸಿಯ ಎಲೆಯೂ ಮಲೆನಾಡಿನ ಕಾಡೂ



ಮಳೆಗಾಲದ ಭಾನುವಾರಗಳಂದು ಜೋಗಕ್ಕೆ ಹೊರಟ ವಾಹನಗಳು ಸಾಗರ ಪೇಟೆಯನ್ನು ಹಾದುಹೋಗುತ್ತವೆ. ಬಹುಪಾಲು ನಿಲ್ಲುವುದೇ ಇಲ್ಲ. ನಿಂತರೂ ಎಲ್ಲ ಊರುಗಳಲ್ಲಿ ದೊರೆಯುವ ಗೋಬಿ ಮಂಚೂರಿಯನ್ನೇ ತಿಂದು, ತಟ್ಟೆಯನ್ನು ರಸ್ತೆಬದಿಗೆ ಎಸೆದು ಮುಂದೆ ಸಾಗುವುದುಂಟು. ಒಂದು ಹಗಲಿನ ಪ್ರವಾಸಕ್ಕೆ ಈ ಪೇಟೆ ಮತ್ತು ಅದರ ಆಸುಪಾಸೇ ಸಾಕು. ಇಕ್ಕೇರಿಯಲ್ಲಿ ಅಘೋರೇಶ್ವರ ದೇಗುಲ, ಕೆಳದಿಯ ರಾಮೇಶ್ವರ ದೇಗುಲದಲ್ಲಿ ಗಂಡಭೇರುಂಡದ ಕೆತ್ತನೆ, 1949ರಲ್ಲಿ ನೀನಾಸಂ ಹುಟ್ಟಿದ ಹೆಗ್ಗೋಡು, ಪೇಟೆಯೊಳಗೇ ಗುಡಿಗಾರರ ಶ್ರೀಗಂಧದ ಕೆಲಸ.

ಇನ್ನು ಊಟದ ಮಾತು. ಇಂದಿನ ವಿಷಯದ ತಿರುಳು ಇರುವುದೂ ಇಲ್ಲಿಯೇ.

ಘಟ್ಟದ ಮೇಲಿನ ಅಡುಗೆಮನೆಗೆ ಕಾಡಂಚೇ ಉಗ್ರಾಣ. ಮಳೆ ಹಿಡಿದಾಗ ಕಳಲೆ, ಕೆಸುವಿನ ಪತ್ರೊಡೆ. ಹಲಸು ಹಣ್ಣಾದಾಗ ಕಡುಬು. ಆಲೆಮನೆಯ ಕಾಲಕ್ಕೆ ತೊಡೆದೇವು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬೋರಲು ಹಾಕಿ ಕಾಯಿಸಿದ ಮಡಕೆಯ ಮೇಲೆ ಬಟ್ಟೆಯಿಂದ ತೊಡೆಯುವುದರಿಂದ ಅದಕ್ಕೆ ಆ ಹೆಸರು. ಮನೆಗಳಲ್ಲಿ ಉಳಿದಿರುವ ಇಂಥ ತಿನಿಸುಗಳು ಹೋಟೆಲಿನ ಫಲಕದಲ್ಲಿ ಅಪರೂಪ. ಕೇಳುವವರಿಲ್ಲದಿದ್ದರೆ ಮಾಡುವವರೂ ಇರುವುದಿಲ್ಲ. ಬಸ್ ನಿಲ್ದಾಣದ ಬಳಿಯ ಸಣ್ಣ ಹೋಟೆಲಿನಲ್ಲಿ ತಂಬುಳಿಯನ್ನೋ ಮುರುಗಲು ಪಾನಕವನ್ನೋ ಕೇಳಿ ಕುಡಿಯುವ ಪ್ರವಾಸಿಯು ಹಿತ್ತಲಿನ ಒಂದೆಲಗಕ್ಕೂ ಬೆಟ್ಟದ ಮುರುಗಲು ಮರಕ್ಕೂ ಬೆಲೆ ತರುತ್ತಾನೆ.

ಆದರೆ ಬೇಡಿಕೆಯು ಬರಿಯ ಒಳಿತನ್ನೇ ತರುವುದೆಂದು ಭಾವಿಸಬಾರದು. ಅಪ್ಪೆಮಿಡಿಯನ್ನೇ ನೋಡಿ. ಹೊಳೆದಂಡೆಯ ಈ ಕಾಡುಮಾವಿನ ಮಿಡಿಗೆ ಬೆಲೆ ಏರಿದಂತೆ, ಮರ ಹತ್ತಿ ಕೊಯ್ಯುವ ತಾಳ್ಮೆಯಿಲ್ಲದವರು ಕೊಂಬೆಯನ್ನೇ ಕಡಿದು ಕೆಡವತೊಡಗಿದರು. ಒಂದು ವರ್ಷದ ಉಪ್ಪಿನಕಾಯಿಗಾಗಿ ಹಲವು ವರ್ಷಗಳ ಫಸಲು ನೆಲ ಕಚ್ಚುತ್ತದೆ. ಒಳ್ಳೆಯ ಜಾತಿಯ ಮರಗಳಿಂದ ಕಸಿ ಕಟ್ಟಿ ತೋಟದ ಬದಿಗೆ ನೆಟ್ಟ ಕೃಷಿಕರಿದ್ದಾರೆ. ಅವರ ಮಿಡಿಯನ್ನು ಕೊಳ್ಳುವ ಹೋಟೆಲು ಕಾಡಿನ ಮರವನ್ನು ಉಳಿಸುತ್ತದೆ. ಉಪ್ಪಿನಕಾಯಿಯನ್ನು ಹೊಗಳುವ ಅತಿಥಿಯು ಮಿಡಿ ಎಲ್ಲಿಯದೆಂದೂ ಕೇಳಲಿ. ಮಾಲೀಕರಿಗೆ ಮೊದಮೊದಲು ಕಿರಿಕಿರಿಯಾದೀತು, ಆಗಲಿ.

ಕಸದ ಸಂಗತಿಯಂತೂ ಎಲ್ಲರಿಗೂ ತಿಳಿದದ್ದೇ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರವು 2016ರಲ್ಲಿಯೇ ನಿಷೇಧಿಸಿತು. ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆಯು ತುಂಗಭದ್ರೆಯನ್ನು ಸೇರುವ ನದಿ. ಇಲ್ಲಿ ಎಸೆದದ್ದು ಬಯಲುಸೀಮೆಯವರ ನೀರಿಗೂ ಇಳಿಯುತ್ತದೆ. ಬಾಳೆ ಎಲೆಯಾದರೆ ಊಟದ ಬಳಿಕ ಗೊಬ್ಬರದ ಗುಂಡಿಗೆ ಹೋಗುತ್ತದೆ. ಅಡಿಕೆ ಹಾಳೆಯ ತಟ್ಟೆಯೂ ಹಾಗೆಯೇ. ಹಾಳೆಯಂತೂ ಸುತ್ತಲಿನ ತೋಟಗಳಲ್ಲಿ ಬಿದ್ದೇ ಇರುತ್ತದೆ. ಯಾವ ಹೋಟೆಲಿನಲ್ಲಿ ಎಲೆಯ ಮೇಲೆ ಊಟ, ಯಾವ ತಿಂಗಳಲ್ಲಿ ಯಾವ ತಿನಿಸು ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ಬರುವ ಮಳೆಗಾಲಕ್ಕೆ ಮುನ್ನ ಸಿದ್ಧಪಡಿಸಿ ಬಸ್ ನಿಲ್ದಾಣದಲ್ಲಿ ತೂಗುಹಾಕಬಹುದು.