ಉಣ್ಣುವ ಲೆಕ್ಕ, ದುಡಿಯುವ ಲೆಕ್ಕ



ಸುಮಾರು 1520ರಲ್ಲಿ ಹಂಪೆಯನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ಇಷ್ಟನ್ನೇ ಕೇಳಿ ಎಣ್ಣೆಯ ಗಿಂಡಿಗೆ ಕೈಹಾಕಬೇಡಿರಿ. ಆಮೇಲೆ ಅವನು ಭಾರವೆತ್ತಿ, ಮೈಯೆಲ್ಲ ಬೆವರುವವರೆಗೆ ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿ ಹಿಡಿದು, ಬಯಲಿನಲ್ಲಿ ಕುದುರೆ ಓಡಿಸುತ್ತಿದ್ದನು. ಜಮೆಗೆ ತಕ್ಕ ಖರ್ಚು!

ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಪಿಷ್ಟ ಸುಮಾರು 4 ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಎಣ್ಣೆ 9 ಕೊಡುತ್ತದೆ. ನಾವು ಸುಮ್ಮನೆ ಮಲಗಿದ್ದರೂ ಹೃದಯ ಮಿಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಒಳಗೆ ಸದಾ ನಡೆಯುವ ಈ ವ್ಯಾಪಾರಕ್ಕೆ ಚಯಾಪಚಯವೆಂದು ಹೆಸರು. ಕುಳಿತು ಕೆಲಸ ಮಾಡುವವರಲ್ಲಿ ದಿನದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಇದಕ್ಕೇ ವೆಚ್ಚವಾಗುತ್ತದೆ. ಉಳಿದದ್ದನ್ನು ನಿರ್ಣಯಿಸುವುದು ಮುಖ್ಯವಾಗಿ ನಮ್ಮ ದುಡಿಮೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಲೆಕ್ಕದಂತೆ, 65 ಕಿಲೊ ತೂಕದ ಗಂಡಸು ಕುಳಿತ ಕೆಲಸದವನಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಕಷ್ಟದ ದುಡಿಮೆಯವನಿಗೆ 3470 ಬೇಕು. 55 ಕಿಲೊ ತೂಕದ ಹೆಂಗಸಿಗೆ ಇವು ಕ್ರಮವಾಗಿ 1660 ಮತ್ತು 2720. ಕಂಪ್ಲಿಯ ಗದ್ದೆಯಲ್ಲಿ ಕಬ್ಬು ಕಡಿಯುವವನ ಊಟವೂ ಹೊಸಪೇಟೆಯ ಅಂಗಡಿಯ ಗಲ್ಲೆಯ ಮೇಲೆ ಕುಳಿತವನ ಊಟವೂ ಒಂದೇ ಆಗಲಾರದು. ಸಂಡೂರಿನ ಗುಡ್ಡದಲ್ಲಿ ಗುದ್ದಲಿ ಹಿಡಿದು ಅದಿರು ಅಗೆದ ಅಜ್ಜನ ಊಟವನ್ನು ಇಂದು ಯಂತ್ರದ ಆಸನದಲ್ಲಿ ಕುಳಿತ ಮೊಮ್ಮಗನು ಉಂಡರೆ, ಮಿಕ್ಕದ್ದು ಸೊಂಟದ ಸುತ್ತ ಕೊಬ್ಬಾಗಿ ಕೂಡುತ್ತದೆ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಅದೇ ಹೆಬ್ಬಾಗಿಲು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು.

ಹಾಗೆಂದು ಊಟ ಬಿಡುವುದು ಉಪಾಯವಲ್ಲ. ಬಹಳ ಹಸಿದಿರುವ ದೇಹವು ಬಡವನ ಮನೆಯಂತೆ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಮಜ್ಜಿಗೆ ನಮ್ಮ ಸೀಮೆಯ ಒಳ್ಳೆಯ ಊಟ. ಆದರೆ ರೊಟ್ಟಿಯ ಎಣಿಕೆ ದುಡಿಮೆಗೆ ತಕ್ಕಂತಿರಲಿ. ದಿನ ಸಂಜೆಯ ಒಗ್ಗರಣೆ ಮಿರ್ಚಿ ವಾರಕ್ಕೊಮ್ಮೆಯಾಗಲಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕಾಯಿಲೆಯವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ಮಿಕ್ಕವರು ಇಂದಿನ ರಾತ್ರಿ ಎಲೆಯ ಮುಂದೆ ಕುಳಿತಾಗ, ಹಗಲಿನ ದುಡಿಮೆಯನ್ನು ಒಮ್ಮೆ ನೆನೆದು ಕೈ ನೀಡಿರಿ.