ನಿಂತಲ್ಲಿ ಆಫ್ ಆಗುವ ಎಂಜಿನ್
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಕೆಲವರು ಈಗಾಗಲೇ ನಗುತ್ತಿದ್ದೀರಿ. ನನ್ನ ತರಗತಿಯ ಹುಡುಗರಲ್ಲಿ ಹಲವರು ರಜೆಯಲ್ಲಿ ಗ್ಯಾರೇಜಿಗೆ ಹೋಗುತ್ತಾರೆ. ಉಸ್ತಾದರು ಪಾನಾ ಕೇಳಿದರೆ ತಕ್ಷಣ ಕೊಡುತ್ತಾರೆ. ಆದರೆ ಆ ಬೋಲ್ಟನ್ನು ಏಕೆ ಬಿಚ್ಚುತ್ತಿದ್ದಾರೆ ಎಂದು ಕೇಳುವುದಿಲ್ಲ. ಆದ್ದರಿಂದ ಇಂದು ಒಂದೇ ಒಂದು ದೋಷವನ್ನು ಎತ್ತಿಕೊಂಡಿದ್ದೇನೆ. ರಸ್ತೆಯಲ್ಲಿ ಚೆನ್ನಾಗಿ ಓಡುವ ಕಾರು, ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಆಫ್ ಆಗುತ್ತದೆ. ಏಕೆ?

ಎಲ್ಲರಿಗೂ ಗೊತ್ತಿರುವ ಗಾಡಿಯನ್ನೇ ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800. ಮೂರು ಸಿಲಿಂಡರ್, 796 ಸಿ.ಸಿ. ನಿಂತಲ್ಲಿ ಓಡುವಾಗ, ಅಂದರೆ ಐಡ್ಲಿಂಗಿನಲ್ಲಿ, ನಿಮಿಷಕ್ಕೆ ಸುಮಾರು 900 ಸುತ್ತು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 15 ಸುತ್ತಾಯಿತು. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯಬೇಕು. ಮೂರೂ ಸೇರಿ ಸೆಕೆಂಡಿಗೆ ಇಪ್ಪತ್ತೆರಡಕ್ಕೂ ಹೆಚ್ಚು ಬಾರಿ! ಇದರಲ್ಲಿ ಕೆಲವು ತಪ್ಪಿದರೂ ಎಂಜಿನ್ ತನ್ನ ಭಾರವನ್ನು ತಾನೇ ಹೊರಲಾರದೆ ನಿಂತುಬಿಡುತ್ತದೆ. ವೇಗದಲ್ಲಿದ್ದಾಗ ಇದೇ ದೋಷ ಕಾಣಿಸದು, ಓಟದ ರಭಸ ಅದನ್ನು ಮುಚ್ಚಿಹಾಕುತ್ತದೆ.

ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಕಾಲು ತೆಗೆದಾಗ ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಸಿಲಿಂಡರುಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಹೀಗಾಗಿ ಬಾಗಿಲಿನ ಹಿಂದಿನ ಕೊಳವೆಯಲ್ಲಿ, ವಿಜ್ಞಾನದ ಪುಸ್ತಕದಲ್ಲಿ ನೀವು ಓದುವ ಭಾಗಶಃ ನಿರ್ವಾತ ಉಂಟಾಗುತ್ತದೆ. ಅಲ್ಲಿಗೆ ಸೇರುವ ರಬ್ಬರ್ ಪೈಪೊಂದು ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ. ವೇಗದಲ್ಲಿ ಎಂಜಿನ್ ಸೇದುವ ಗಾಳಿಯೇ ಅಪಾರ, ಅದರ ಮುಂದೆ ಈ ಕಳ್ಳಗಾಳಿ ಲೆಕ್ಕಕ್ಕಿಲ್ಲ. ಐಡ್ಲಿಂಗಿನಲ್ಲಿ ಗಾಳಿಯೇ ಸ್ವಲ್ಪ. ಅಷ್ಟರಲ್ಲಿ ಇದೂ ಸೇರಿದರೆ ಮಿಶ್ರಣ ತೆಳುವಾಗಿ ಉರಿಯುವುದೇ ಇಲ್ಲ.

ಎರಡನೆಯ ಆರೋಪಿ ಸ್ಲೋ ಜೆಟ್. ಕಾರ್ಬೊರೇಟರಿನಲ್ಲಿ ಐಡ್ಲಿಂಗಿಗೆಂದೇ ಕೂದಲಿನಷ್ಟು ಸಣ್ಣ ದಾರಿಯಿದೆ. ಟ್ಯಾಂಕಿನ ತಳದ ಒಂದು ಕಣ ಕಸ ಸಾಕು, ಅದು ಮುಚ್ಚಿಹೋಗುತ್ತದೆ. ಅದನ್ನು ತಂತಿಯಿಂದ ಚುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಚುಚ್ಚಬೇಡಿ, ತೂತು ಅಗಲವಾಗುತ್ತದೆ. ಕ್ಲೀನರ್ ಹಾಕಿ ಗಾಳಿ ಹೊಡೆದರೆ ಸಾಕು. ಇಂಜೆಕ್ಷನ್ ಇರುವ ಹೊಸ ಗಾಡಿಗಳಲ್ಲಿ ಜೆಟ್ ಇಲ್ಲ. ಅಲ್ಲಿ ಥ್ರಾಟಲಿನ ಸುತ್ತ ಕಟ್ಟಿದ ಮಸಿಯನ್ನೂ ಐಡ್ಲಿಂಗ್ ಗಾಳಿಯ ವಾಲ್ವನ್ನೂ ಮೊದಲು ನೋಡಬೇಕು. ಸ್ಕ್ಯಾನರ್ ಹಚ್ಚಿದರೆ ಕೋಡ್ ಬರುತ್ತದೆ ನಿಜ. ಆದರೆ ಸಣ್ಣ ಪೈಪಿನ ಬಿರುಕಿಗೆ ಪ್ರತಿಸಲವೂ ಕೋಡ್ ಬರುವುದಿಲ್ಲ.

ನಮ್ಮ ಓಣಿಗೆ ಮಕ್ಕಳನ್ನು ಕರೆದೊಯ್ಯಲು ಬರುವ ಹಳೆಯ ವ್ಯಾನೊಂದಕ್ಕೆ ಇದೇ ಕಾಯಿಲೆಯಿತ್ತು. ಅದರ ಚಾಲಕ ಭಾಯಿ ಒಂದು ದಿನ ಬೇಸತ್ತು ಹೇಳಿದರು: "ಸರ್, ಪ್ಲಗ್ ಹಾಕಿಸಿದ್ದಾಯ್ತು, ಕಾಯಿಲ್ ಹಾಕಿಸಿದ್ದಾಯ್ತು, ಪೆಟ್ರೋಲ್ ಪಂಪೂ ಹೊಸದು. ಇನ್ನೇನು ಹಾಕಿಸಲಿ ಹೇಳಿ?" ಮಕ್ಕಳ ಫೀಸಿಗೆಂದು ಇಟ್ಟ ದುಡ್ಡು ಬಿಡಿಭಾಗಗಳಿಗೆ ಹೋಗಿತ್ತು. ಕೊನೆಗೆ ಹಿರಿಯ ಉಸ್ತಾದರೊಬ್ಬರ ಬಳಿ ಹೋದೆವು. ಅವರು ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳಿದರು. ತಣ್ಣಗಿದ್ದಾಗ ನಿಲ್ಲುತ್ತದೋ, ಬಿಸಿಯಾದ ಮೇಲೋ? ಹೆಡ್‌ಲೈಟ್ ಹಾಕಿದಾಗಲೋ? ಬ್ರೇಕ್ ತುಳಿದಾಗಲೋ?

ಈ ಪ್ರಶ್ನೆಗಳಲ್ಲೇ ಅರ್ಧ ಉತ್ತರವಿದೆ. ತಣ್ಣಗಿದ್ದಾಗ ಮಾತ್ರ ನಿಂತರೆ ಚೋಕ್ ಕಡೆ ನೋಡಬೇಕು. ಲೈಟ್ ಹಾಕಿದಾಗ ನಿಂತರೆ ಆಲ್ಟರ್ನೇಟರಿನ ಹೊರೆ ತಡೆಯಲು ಐಡ್ಲಿಂಗ್ ಸಾಲುತ್ತಿಲ್ಲ. ಬ್ರೇಕ್ ತುಳಿದಾಗ ನಿಂತರೆ ಬ್ರೇಕ್ ಬೂಸ್ಟರಿನಲ್ಲಿ ಸೋರಿಕೆ ಇರಬಹುದು, ಏಕೆಂದರೆ ಬೂಸ್ಟರ್ ಕೆಲಸ ಮಾಡುವುದೂ ಅದೇ ನಿರ್ವಾತದಿಂದ. ಪ್ಲಗ್ ಬಿಚ್ಚಿ ನೋಡಿದರೂ ಸುಳಿವು ಸಿಗುತ್ತದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು.

ವ್ಯಾನಿನ ಪ್ಲಗ್ಗುಗಳು ಬಿಳಿಚಿಕೊಂಡಿದ್ದವು. ಉಸ್ತಾದರು ಎಂಜಿನ್ ಚಾಲೂ ಮಾಡಿ, ಸ್ಪ್ರೇ ಬಾಟಲಿಯಿಂದ ನೀರನ್ನು ಪೈಪಿನ ಒಂದೊಂದೇ ಜೋಡಣೆಗೆ ಸಿಂಪಡಿಸುತ್ತ ಬಂದರು, ಪ್ಲಗ್ ವೈರಿಗೆ ತಾಗದಂತೆ. ಒಂದು ಕಡೆ ಸದ್ದು ಬದಲಾಯಿತು. ಕೆಳಮಗ್ಗುಲಲ್ಲಿ, ಕಣ್ಣಿಗೆ ಕಾಣದಲ್ಲಿ, ರಬ್ಬರ್ ಪೈಪ್ ಸೀಳಿತ್ತು. ಇದೇ ಪರೀಕ್ಷೆಯನ್ನು ಪೆಟ್ರೋಲು ಅಥವಾ ಕ್ಲೀನರ್ ಸ್ಪ್ರೇಯಿಂದ ಮಾಡುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ, ನೀರೇ ವಾಸಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷಿಸುವುದೂ ಬೇಡ ಮಕ್ಕಳೇ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈ ದೋಷವನ್ನು ಬರೀ ಕಿರಿಕಿರಿ ಎಂದು ತಿಳಿಯಬೇಡಿ. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ತುಳಿತಕ್ಕೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯುತ್ತದೆ. ಆ ವ್ಯಾನಿನಲ್ಲಿ ಕೂರುವವರು ನಮ್ಮ ಮಕ್ಕಳು.

ಹೊಸ ಪೈಪ್ ಹಾಕಿದ ಮೇಲೆ ಎಂಜಿನ್ ಒಂದೇ ಸಮನೆ ಕಿರುಚತೊಡಗಿತು. ಕಾರಣ, ಗಾಡಿ ನಿಲ್ಲದಿರಲಿ ಎಂದು ಭಾಯಿ ದಿನವೂ ಐಡ್ಲಿಂಗ್ ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ ವೇಗ ಏರಿಸಿಟ್ಟಿದ್ದರು. ಉಸ್ತಾದರು ಎಂಜಿನ್ ಪೂರ್ತಿ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಕಾದರು. ಫ್ಯಾನ್ ನಿಂತ ಮೇಲೆ ಸ್ಕ್ರೂ ಇಳಿಸಿ ಸದ್ದು ಸಮನಾಗಿಸಿದರು. ಆಮೇಲೆ ಹೆಡ್‌ಲೈಟ್ ಹಾಕಿಸಿ, ಐದಾರು ಸಲ ಬ್ರೇಕ್ ತುಳಿಸಿ ನೋಡಿದರು. ಎಂಜಿನ್ ನಿಲ್ಲಲಿಲ್ಲ. ಆಗಲೇ ಅವರು ಬಾನೆಟ್ ಹಾಕಿದ್ದು.